ಚಪ್ಪಲಿ ಮೆಟ್ಟಿದ ಮೇಲಿನ ಮಾತು

ನಮ್ಮ ಮನೆಯಲ್ಲಿ ಸಾಸಿವೆ ಇರುವುದು ಒಂದು ಕಾಫಿ ಪೊಟ್ಟಣದೊಳಗೆ. ದಪ್ಪ ಕಾಗದದ ಪೊಟ್ಟಣ. ಬೆರಳಿನಿಂದ ಒತ್ತಿದರೆ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಖಾಲಿಯಾದ ಡಬ್ಬಿ, ಸೀಸೆ, ಚೀಲ ಯಾವುದನ್ನೂ ಎಸೆದು ಗೊತ್ತಿಲ್ಲದ ನನ್ನ ಹೆಂಡತಿ ಸುಲೋಚನಾ ಇದನ್ನು ಎಸೆಯುವುದುಂಟೆ? ಒಳಗಿನ ಕಾಫಿ ಮುಗಿದ ದಿನವೇ ಒಳಗೆಲ್ಲ ಒರೆಸಿ, ಬಿಸಿಲಿಗೆ ಇಟ್ಟು, ಸಾಸಿವೆ ತುಂಬಿ ಒಲೆಯ ಮೇಲಿನ ಮಾಡದಲ್ಲಿ ಇಟ್ಟಳು. ಅದರ ಮೇಲೆ ಒಬ್ಬ ಹೆಂಗಸಿನ ಚಿತ್ರ ಇದೆ. ತಲೆಗೆ ವಸ್ತ್ರ, ಸೀರೆಯ ಮೇಲೆ ಗಂಡಸಿನ ತುಂಬುತೋಳಿನ ಅಂಗಿ, ಸೊಂಟಕ್ಕೆ ಕಟ್ಟಿದ ಬುಟ್ಟಿ, ಬುಟ್ಟಿಯ ತುಂಬ ಕೆಂಪು ಹಣ್ಣು. ಹೆಂಗಸು ನಗುತ್ತಿದ್ದಾಳೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಈ ತೋಟದಲ್ಲಿ ನಮಗೆ ಯಾವ ಕೊರತೆಯೂ ಇಲ್ಲ. ಇಂತಿ ನಮ್ಮ ಪಾಲುದಾರಳು ರುಕ್ಮವ್ವ, ರಾಮದುರ್ಗ.’

ರುಕ್ಮವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆ ಇಂಗ್ಲಿಷ್ ನನ್ನದು.

ಸಾಸಿವೆಯನ್ನು ಬೇರೆ ಡಬ್ಬಿಗೆ ಹಾಕು ಎಂದು ನಾಲ್ಕೈದು ಸಲ ಹೇಳಿದೆ. ಸುಲೋಚನಾ ಕೇಳಲಿಲ್ಲ. ‘ಇರಲಿ, ದಿನಾ ನೋಡ್ರಿ’ ಎಂದಳು. ಹಾಗಾಗಿ ಒಗ್ಗರಣೆಯ ಹೊತ್ತಿಗೆ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮನುಷ್ಯ, ಸಾಸಿವೆ ಚಟಪಟ ಅನ್ನುವಾಗ ಪೇರಲ ಗಿಡದ ಕೆಳಗೆ ನಿಂತಿರುತ್ತಾನೆ. ಓಣಿಯವರು ನನಗೆ ಒಗ್ಗರಣೆಯ ಹೊಗೆ ಆಗಿಬರುವುದಿಲ್ಲ ಎಂದು ತಿಳಿದಿದ್ದಾರೆ.

ನಿಮಗೆ ಗೊತ್ತಿದೆಯಲ್ಲ, ನಮ್ಮದು ಚಹಾ ಕುಡಿಯುವ ಸೀಮೆ. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಕಾಫಿ ಇದ್ದದ್ದು ಔಷಧಿಯ ಸಾಲಿನಲ್ಲಿ. ಓಂಕಾಳು, ಒಣಶುಂಠಿ, ತಲೆನೋವಿನ ಮುಲಾಮು, ಇವುಗಳ ಪಕ್ಕ ಒಂದು ಪುಟ್ಟ ಡಬ್ಬಿ. ಮೈಸೂರು ಕಡೆಯ ಬೀಗರು ಬಂದಾಗ ಮಾತ್ರ ಅದು ಕೆಳಗಿಳಿಯುತ್ತಿತ್ತು. ಅವ್ವ ಕಾಫಿಪುಡಿಯನ್ನು ಚಹಾಪುಡಿಯ ಹಾಗೆಯೇ ನೀರಿಗೆ ಹಾಕಿ, ಬೆಲ್ಲ ಹಾಕಿ, ನಾಲ್ಕು ಸಲ ಉಕ್ಕಿಸಿ ಇಳಿಸುತ್ತಿದ್ದಳು. ಬೆಲ್ಲದ ಊರಿನವರು ನಾವು. ಏನು ಕೆಟ್ಟರೂ ಬೆಲ್ಲ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ. ಬೀಗರು ಕಣ್ಣು ಮುಚ್ಚಿ ಕುಡಿದು, ತುಂಬ ಚೆನ್ನಾಗಿದೆ ಎನ್ನುತ್ತಿದ್ದರು. ಹೊರಟು ಕಟ್ಟೆ ಇಳಿದ ಮೇಲೆ ಬೀಗತಿ ಅವ್ವನ ಕಿವಿಯಲ್ಲಿ, ಅಷ್ಟು ಕುದಿಸಬಾರದು ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದರು.

ಮೈಸೂರಿನವರೇ ಹಾಗೆ ಮಾಡಿದ ಮೇಲೆ ನಮ್ಮವರದು ಕೇಳಬೇಕೇ. ನಮ್ಮಪ್ಪನಿಗೆ ಹೊಟ್ಟೆನೋವು ಇತ್ತು. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಿದ್ದ, ಜೊತೆಗೆ ನನ್ನನ್ನೂ ಕರೆದೊಯ್ಯುತ್ತಿದ್ದ. ಡಾಕ್ಟರು ಕುರ್ಚಿ ಕೊಟ್ಟು, ಹೇಗಿದ್ದೀರಿ ಎಂದು ಕೇಳಿದರೆ ಅಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ‘ನಿಮ್ಮ ದಯಾದಿಂದ ಆರಾಮ ಅದೇನ್ರಿ’ ಎನ್ನುತ್ತಿದ್ದ. ಡಾಕ್ಟರು ಸಂತೋಷಪಟ್ಟು ಹಳೆಯ ಮಾತ್ರೆಯನ್ನೇ ಬರೆಯುತ್ತಿದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟಿದ ಮೇಲೆ ಅಪ್ಪ ಕಂಪೌಂಡರನನ್ನು ಕಿಟಕಿಯ ಹತ್ತಿರ ಕರೆದು, ರಾತ್ರಿಯೆಲ್ಲ ನಿದ್ದೆ ಇಲ್ಲ, ಅನ್ನ ಸೇರುವುದಿಲ್ಲ ಎಂದು ಹೇಳುತ್ತಿದ್ದ. ಕಂಪೌಂಡರ ಜಾಣ. ಓಡಿ ಒಳಗೆ ಹೋಗಿ ಡಾಕ್ಟರಿಗೆ ಹೇಳಿ, ಬೇರೆ ಚೀಟಿ ಬರೆಸಿಕೊಂಡು ಬರುತ್ತಿದ್ದ. ಅಪ್ಪ ಎಂಬತ್ತು ದಾಟಿದ್ದು ಆ ಕಂಪೌಂಡರನಿಂದ ಎಂದೇ ನಾನು ನಂಬಿದ್ದೇನೆ.

ಇದು ನಮ್ಮ ಕಡೆಯ ರೀತಿ. ಜಮಖಾನೆ ಹಾಸಿ, ಚಹಾ ಕೊಟ್ಟು, ಎದುರಿಗೆ ಕುಳಿತವರ ಮುಂದೆ ಯಾರೂ ಕಷ್ಟ ಹೇಳುವುದಿಲ್ಲ. ಹೇಳಿದರೆ ಬಂದವರಿಗೆ ಅವಮಾನ, ಹೇಳಿದವರಿಗೆ ನಾಚಿಕೆ. ನಿಜವಾದ ಮಾತು ಬರುವುದು ಚಪ್ಪಲಿ ಮೆಟ್ಟಿದ ಮೇಲೆ, ಗಾಡಿ ಹತ್ತುವಾಗ. ಬೈಲಹೊಂಗಲದಲ್ಲಾಗಲಿ ಕಿತ್ತೂರಿನಲ್ಲಾಗಲಿ ಹುಟ್ಟಿದ ಯಾವ ಮಗುವಿಗೂ ಇದನ್ನು ಕಲಿಸಬೇಕಾಗಿಲ್ಲ. ನನಗಂತೂ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ದಸ್ತಗೀರ ಫೋನು ಮಾಡಿದ. ಅವನು ನನ್ನ ಹಳೆಯ ವಿದ್ಯಾರ್ಥಿ. ಈಗ ರಾಮದುರ್ಗದಲ್ಲಿ ಕ್ರೂಸರ್ ಗಾಡಿ ಇಟ್ಟುಕೊಂಡಿದ್ದಾನೆ. ಪ್ರತಿ ಡಿಸೆಂಬರಿಗೆ ತೊರಗಲ್ ಕಡೆಯ ಹೆಂಗಸರನ್ನು ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟಕ್ಕೆ ಬಿಟ್ಟು, ಹಣ್ಣಿನ ಸುಗ್ಗಿ ಮುಗಿದ ಮೇಲೆ ವಾಪಸು ಕರೆತರುತ್ತಾನೆ. ಆ ತೋಟದ ಕಾಫಿ ಕೊಳ್ಳುವ ಕಂಪನಿಯವರು ಬರುತ್ತಿದ್ದಾರೆ, ಹೆಂಗಸರ ಸಂಗಡ ಮಾತಾಡಬೇಕಂತೆ, ಅವರಿಗೆ ಕನ್ನಡ ಬರುವುದಿಲ್ಲ, ನೀವು ಇಂಗ್ಲಿಷಿನಲ್ಲಿ ಹೇಳಿಕೊಡಬೇಕು ಎಂದ. ನಾನು ಆಗಲಿ ನೋಡೋಣ ಎಂದು ಗತ್ತಿನಿಂದ ಹೇಳಿ, ಫೋನಿಟ್ಟ ಕೂಡಲೇ ಇಸ್ತ್ರಿಯ ಅಂಗಿ ಹುಡುಕಲು ಹೋದೆ. ನಿವೃತ್ತನಾದ ಮೇಲೆ ನನ್ನ ಇಂಗ್ಲಿಷನ್ನು ಕೇಳುವವರು ಬ್ಯಾಂಕಿನ ಯಂತ್ರವನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಬಂದವಳು ಅನನ್ಯಾ ಎಂಬ ಹುಡುಗಿ. ದಿಲ್ಲಿಯಲ್ಲಿ ಬೆಳೆದವಳು, ವಯಸ್ಸು ಮೂವತ್ತರ ಒಳಗೆ. ಅವಳನ್ನು ಬಯ್ಯಲು ನನಗೆ ಬಹಳ ಆಸೆಯಿದೆ, ಆದರೆ ಬಯ್ಯುವಂಥದ್ದು ಅವಳಲ್ಲಿ ಏನೂ ಇರಲಿಲ್ಲ. ಅವರ ಕಾಫಿಗೆ ಪೂರ್ತಿ ಕೆಂಪಾದ ಹಣ್ಣೇ ಬೇಕು, ಒಂದೊಂದನ್ನೇ ನೋಡಿ ಬಿಡಿಸಬೇಕು. ಅಂಥ ಕೈಗಳನ್ನು ಕೂಲಿ ಎಂದು ಕರೆಯುವುದು ತಪ್ಪು, ಅವರು ನಮ್ಮ ಪಾಲುದಾರರು ಎಂದಳು. ತೋಟದಲ್ಲಿ ಮಾಲೀಕರ ಎದುರಿಗೆ ಕೇಳಿದರೆ ಹೆದರುತ್ತಾರೆ, ಅದಕ್ಕೇ ಅವರ ಮನೆಗೇ ಬಂದಿದ್ದೇನೆ ಎಂದಳು. ಎಷ್ಟು ಒಳ್ಳೆಯ ವಿಚಾರ ನೋಡಿ. ಒಂದೇ ಒಂದು ಅವಳಿಗೆ ಗೊತ್ತಿರಲಿಲ್ಲ. ತೋಟದಲ್ಲಿ ಕೇಳಿದ್ದರೆ ಅವರು ಆಳುಗಳಾಗಿ ಹೆದರುತ್ತಿದ್ದರು. ಮನೆಯಲ್ಲಿ ಕೇಳಿದರೆ ಮನೆಯ ಯಜಮಾನಿಯರಾಗಿ ನಾಚುತ್ತಾರೆ. ಇದನ್ನು ಹೇಳಬೇಕಾದವನು ನಾನು.

ನಾನು ಹೇಳಿದ್ದು ಬೇರೆ. ಬೈಲಹೊಂಗಲದಿಂದ ಹೊರಟು ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ಗಾಡಿ ನಿಲ್ಲಿಸಿದಾಗ, ಅವಳು ನೀರಿನ ಫೋಟೋ ತೆಗೆಯುತ್ತಿದ್ದರೆ ನಾನು ನಮ್ಮ ಜನರ ಸ್ವಭಾವದ ಬಗ್ಗೆ ಭಾಷಣ ಮಾಡಿದೆ. ಗಂಡುಮೆಟ್ಟಿನ ನಾಡು ಇದು, ಹೊಟ್ಟೆಯಲ್ಲಿ ಇದ್ದದ್ದು ನಾಲಿಗೆಯ ಮೇಲೆ, ಮುಚ್ಚುಮರೆ ಇಲ್ಲ, ಕಡ್ಡಿ ಮುರಿದಂತೆ ಹೇಳಿಬಿಡುತ್ತಾರೆ ಎಂದೆ. ಅವಳು ಅದನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂದೂ ಹೇಳಿದಳು. ಸವದತ್ತಿ ದಾಟುವವರೆಗೂ ನನ್ನ ಬಾಯಿ ನಿಲ್ಲಲಿಲ್ಲ. ಅವರ ಕಾಫಿಯಲ್ಲಿ ಬೆಲ್ಲದ ರುಚಿ ಬರುತ್ತದೆ ಎಂದು ಅವಳು ಹೇಳಿದ್ದಕ್ಕೆ, ಅದು ನಮ್ಮೂರಿನ ಹೆಂಗಸರ ಕೈಗುಣ ಎಂದುಬಿಟ್ಟೆ. ದಸ್ತಗೀರ ಕನ್ನಡಿಯಲ್ಲಿ ನನ್ನನ್ನು ನೋಡಿ ಕೆಮ್ಮಿದ.

ರುಕ್ಮವ್ವನ ಮನೆ ತೊರಗಲ್ಲಿನ ಹತ್ತಿರದ ಒಂದು ಸಣ್ಣ ಊರಿನಲ್ಲಿ, ಕೇರಿಯ ಮೊದಲನೆಯ ಸಾಲಿನಲ್ಲಿದೆ. ಗೋಡೆಗೆ ನೀಲಿ ಸುಣ್ಣ, ಬಾಗಿಲ ಎದುರಿಗೆ ಬುದ್ಧನ ಪಟ. ಅವಳೂ ಅವಳ ಸೊಸೆ ಸವಿತಾಳೂ ಇನ್ನು ನಾಲ್ಕು ಜನ ಹೆಂಗಸರೂ ಹೊಸ ಸೀರೆ ಉಟ್ಟು ಕಾದಿದ್ದರು. ಮೊದಲು ನೀರು ಬಂತು, ಆಮೇಲೆ ಚುರುಮುರಿ, ಆಮೇಲೆ ಚಹಾ. ನಾನು ಎಲ್ಲವನ್ನೂ ತೆಗೆದುಕೊಂಡೆ. ಆ ಮನೆಯ ನೀರು ಕುಡಿದೆ ಎಂಬುದನ್ನು ಒಳಗೊಳಗೇ ಗುರುತು ಹಾಕಿಕೊಂಡೆ ಕೂಡ. ಈ ವಯಸ್ಸಿನಲ್ಲಿಯೂ ಅದು ನನ್ನ ಗಮನಕ್ಕೆ ಬರುತ್ತದೆ ಎಂದರೆ ನನ್ನ ಸುಧಾರಣೆ ಎಷ್ಟರಮಟ್ಟಿಗೆ ಆಗಿದೆ ನೀವೇ ನೋಡಿಕೊಳ್ಳಿ.

ಅನನ್ಯಾಳ ಹತ್ತಿರ ಪ್ರಶ್ನೆಗಳ ಹಾಳೆ ಇತ್ತು. ತೋಟದಲ್ಲಿ ಇರಲು ಕೊಟ್ಟ ಲೈನ್ ಮನೆ ಹೇಗಿದೆ, ನೀರು ಹೇಗಿದೆ, ಮೇಲಿನವರು ಹೇಗೆ ನಡೆಸಿಕೊಳ್ಳುತ್ತಾರೆ, ಏನಾದರೂ ಕೊರತೆ ಇದೆಯೇ. ನಾನು ಒಂದೊಂದನ್ನೇ ಕನ್ನಡದಲ್ಲಿ ಕೇಳಿದೆ. ರುಕ್ಮವ್ವ ಸೆರಗು ಸರಿಮಾಡಿಕೊಂಡು ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟಳು: ‘ಏನೂ ಕೊರತಿ ಇಲ್ರಿ. ಆರಾಮ ಅದೇವ್ರಿ.’ ಉಳಿದವರು ತಲೆಯಾಡಿಸಿದರು. ನಾನು ಅದಕ್ಕೆ ಒಪ್ಪವಾದ ಇಂಗ್ಲಿಷ್ ಕೊಟ್ಟು, ಹಾಳೆಯ ಕೆಳಗೆ ಅನುವಾದಕ ಎಂದು ಸಹಿ ಮಾಡಿದೆ.

ಆಮೇಲೆ ಫೋಟೋ. ಹೊಸ ಸೀರೆ ಬೇಡ, ಕೆಲಸದ ಬಟ್ಟೆ ಬೇಕು ಎಂದಳು ಅನನ್ಯಾ. ರುಕ್ಮವ್ವ ಒಳಗೆ ಹೋಗಿ, ಏಪ್ರಿಲ್ ತಿಂಗಳ ಆ ಬಿಸಿಲಿನಲ್ಲಿ ಗಂಡನ ಅಂಗಿ ತೊಟ್ಟು, ತಲೆಗೆ ವಸ್ತ್ರ ಕಟ್ಟಿಕೊಂಡು, ಖಾಲಿ ಬುಟ್ಟಿ ಸೊಂಟಕ್ಕೆ ಸಿಕ್ಕಿಸಿ ಬೇವಿನ ಮರದ ಕೆಳಗೆ ನಿಂತಳು. ಸೊಸೆ ಏನೋ ಅಂದದ್ದಕ್ಕೆ ನಕ್ಕಳು. ಪೊಟ್ಟಣದ ಮೇಲಿನ ನಗು ಅದು. ಬುಟ್ಟಿಗೆ ಹಣ್ಣು ಯಾರು ತುಂಬಿದರೋ, ಯಾವ ಕಂಪ್ಯೂಟರಿನಲ್ಲಿ ತುಂಬಿದರೋ ನನಗೆ ತಿಳಿಯದು.

ಹೊರಟೆವು. ಅನನ್ಯಾ ಗಾಡಿಯೊಳಗೆ ಕುಳಿತಿದ್ದಳು. ನಾನು ಚಪ್ಪಲಿ ಮೆಟ್ಟಿ ಹತ್ತಬೇಕು ಎನ್ನುವಾಗ ರುಕ್ಮವ್ವ ಬಂದು ಗಾಡಿಯ ಬಾಗಿಲು ಹಿಡಿದಳು.

‘ಸರ, ಒಂದ ಮಾತ. ಹಣ್ಣ ತೊಳದ ನೀರ ನಮ್ಮ ಲೈನಿನ ಹಳ್ಳಕ್ಕ ಬಿಡತಾರ್ರಿ. ನಾತ ಹೊಡಿತೈತಿ, ಮೈಗೆ ಹಚ್ಚಿದ್ರ ಕಡಿತೈತಿ. ಕುಡ್ಯಾಕ ಮ್ಯಾಲಿನ ಝರಿಂದ ಹೊತ್ತ ತರಬೇಕು. ದಾರಿ ಭಾಳ ಜಾರತೈತಿ. ಮ್ಯಾಲಿಂದ ಒಂದ ಪೈಪ ಹಾಕ್ಸಿ ಕೊಟ್ರ ಸಾಕು. ಅಷ್ಟ ಅಕ್ಕಾರಿಗೆ ಹೇಳ್ರಿ.’

ಹೇಳುತ್ತೇನೆ ಎಂದೆ. ಹತ್ತಿ ಕುಳಿತೆ. ಅವಳು ಏನಂದಳು ಎಂದು ಅನನ್ಯಾ ಕೇಳಿದಳು.

ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಮೂರು ದಿನದಿಂದ ಪೆನ್ನು ಹಿಡಿದು ಕುಳಿತಿದ್ದೇನೆ. ಮತ್ತೊಮ್ಮೆ ಬನ್ನಿ ಅಂದಳು ಎಂದು ಹೇಳಿದೆ.

ಯಾಕೆ ಹಾಗೆ ಹೇಳಿದೆ? ಹಾಳೆಗೆ ಸಹಿ ಆಗಿತ್ತು. ಹೊಟ್ಟೆಯಲ್ಲಿದ್ದದ್ದು ನಾಲಿಗೆಯ ಮೇಲೆ ಎಂದು ಬೆಳಿಗ್ಗೆಯಷ್ಟೇ ಭಾಷಣ ಬಿಗಿದಿದ್ದೆ. ಈಗ ಆ ಹೆಂಗಸು ಒಳಗೆ ಒಂದು ಹೇಳಿ ಹೊರಗೆ ಇನ್ನೊಂದು ಹೇಳುತ್ತಿದ್ದಾಳೆ ಎಂದರೆ ನನ್ನ ಮಾತು ಸುಳ್ಳಾಗುತ್ತದೆ, ನನ್ನ ಅನುವಾದ ತಪ್ಪಾಗುತ್ತದೆ. ಅನನ್ಯಾ ಹಾಳೆ ಹರಿದು ಮತ್ತೆ ಒಳಗೆ ಹೋಗಿ ಕುಳಿತುಕೊಳ್ಳುವ ಜಾತಿಯವಳು, ಅದೂ ನನಗೆ ಗೊತ್ತಿತ್ತು. ಊಟದ ಹೊತ್ತಾಗಿತ್ತು. ನಾಳೆ ಮೇಲ್ ಬರೆದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಇದನ್ನು ಮರೆವು ಎಂದು ಹೇಳಿಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ, ಮರೆವಲ್ಲ. ನಮ್ಮಪ್ಪನ ಕಂಪೌಂಡರನಿಗೆ ಎಸ್ಸೆಸ್ಸೆಲ್ಸಿಯೂ ಆಗಿರಲಿಲ್ಲ. ಎಂ.ಎ. ಮಾಡಿದವನು ನಾನು.

ಕಳೆದ ದೀಪಾವಳಿಗೆ ಪುಣೆಯಿಂದ ಬಂದ ನನ್ನ ತಂಗಿಯ ಮಗಳು ಈ ಪೊಟ್ಟಣ ತಂದಳು. ಮಾವ, ಇದರ ಮೇಲೆ ರಾಮದುರ್ಗದ ಹೆಸರಿದೆ ನೋಡು ಎಂದು ಕೊಟ್ಟಳು. ನೋಡಿದೆ. ನನ್ನ ವಾಕ್ಯ, ಒಂದು ಅಕ್ಷರ ಬದಲಾಗದೆ ಅಚ್ಚಾಗಿದೆ. ನಿಮಗೆ ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಆದದ್ದು ಹೆಮ್ಮೆ. ಎರಡು ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಬೈಲಹೊಂಗಲದ ಬಜಾರಿನಲ್ಲಿ ತಿರುಗಿದೆ. ಕಿರಾಣಿ ಅಂಗಡಿಯಲ್ಲಿ ತೋರಿಸಿದೆ, ಸಂಜೆ ಗುಡಿಯ ಕಟ್ಟೆಯ ಮೇಲೆ ಕೂಡುವ ನಿವೃತ್ತರಿಗೆ ತೋರಿಸಿದೆ, ಕ್ಷೌರದಂಗಡಿಯಲ್ಲಿ ತೋರಿಸಿದೆ. ಮೂರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ದಸ್ತಗೀರ ಸಿಕ್ಕ. ಅವನಿಗೂ ತೋರಿಸಿದೆ.

ಅವನು ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ‘ಈಕಿ ಈಗ ನಡ್ಯಾಂಗಿಲ್ಲಲ್ರಿ ಸರ’ ಎಂದ.

ನಾವು ಹೋಗಿ ಬಂದ ಮರುವರ್ಷದ ಜನವರಿಯಲ್ಲಿ, ಸುಗ್ಗಿಯ ನಟ್ಟನಡುವೆ, ಮೇಲಿನ ಝರಿಯಿಂದ ನೀರು ತರುವಾಗ ಜಾರಿ ಬಿದ್ದಿದ್ದಳು. ತುಂಬಿದ ದೊಡ್ಡ ಕೊಡ ತಲೆಯ ಮೇಲಿತ್ತು. ತೊಡೆಯ ಎಲುಬು ಮುರಿಯಿತು. ದಸ್ತಗೀರನೇ ಹೋಗಿ ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆತಂದ. ಎಲುಬು ಕೂಡಿತು, ಕಾಲು ಗಿಡ್ಡವಾಯಿತು. ಗೋಡೆ ಹಿಡಿದು ನಡೆಯುತ್ತಾಳೆ. ಇಷ್ಟನ್ನು ಹೇಳಿ ಅವನು ಪೊಟ್ಟಣ ನನ್ನ ಕೈಗೆ ಕೊಟ್ಟು ಗಾಡಿ ಹತ್ತಿದ. ನಾನು ಮನೆಗೆ ಬಂದು ಸುಲೋಚನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. ಊಟಕ್ಕೆ ಬಡಿಸಿ, ನಾಳೆ ಹೋಗಿ ಬರ್ರಿ ಎಂದಳು, ಅಷ್ಟೇ.

ರುಕ್ಮವ್ವ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕುಳಿತಿದ್ದಳು. ಗುರುತು ಹಿಡಿದಳು. ನಾನು ಒಳಗೆ ಹೋಗಲಿಲ್ಲ. ಅಲ್ಲೇ ಅವಳ ಪಕ್ಕ ಕುಳಿತೆ. ‘ಅವತ್ತ ನೀವು ಹೇಳಿದ್ದನ್ನ ನಾ ಅವರಿಗೆ ಹೇಳಲಿಲ್ಲ, ರುಕ್ಮವ್ವ’ ಎಂದೆ.

‘ಗೊತ್ತೈತ್ರಿ’ ಎಂದಳು. ‘ಗಾಡಿ ಹೊಂಟಾಗ ಅಕ್ಕಾರು ನನಗ ಕೈ ಮಾಡಿ ನಕ್ರು. ಕುಡ್ಯಾಕ ನೀರಿಲ್ಲ ಅಂತ ಕೇಳಿದವರು ಹಂಗ ನಗೂದಿಲ್ರಿ.’

ಅಂದರೆ ಅವಳಿಗೆ ಅವತ್ತೇ, ಗಾಡಿಯ ಧೂಳು ಕೂಡುವ ಮೊದಲೇ ಗೊತ್ತಾಗಿತ್ತು. ಗೊತ್ತಿದ್ದೇ ಡಿಸೆಂಬರಿಗೆ ಮತ್ತೆ ಹೋಗಿದ್ದಳು. ನಾನು ತಲೆ ತಗ್ಗಿಸಿದೆ. ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಷ್ಟು ಸಾವಧಾನವಾಗಿ ಹೇಳಿದಳು: ‘ಅವರಿಗೆ ನಮ್ಮ ಮಾತ ತಿಳಿಯಂಗಿಲ್ಲ, ಅವರದೇನ ತಪ್ಪೈತಿ. ನಿಮಗ ತಿಳಿತಿತ್ತಲ್ರಿ.’

ಒಳಗಿನಿಂದ ಸವಿತಾ ಬಂದಳು. ಈ ವರ್ಷ ಅತ್ತೆ ಇಲ್ಲದೆ ಅವಳೊಬ್ಬಳೇ ತೋಟಕ್ಕೆ ಹೊರಡುವವಳಿದ್ದಳು. ರುಕ್ಮವ್ವ ಅವಳನ್ನು ತೋರಿಸಿ, ಇಕಿ ಹೋಗೂದರಾಗ ಪೈಪ ಆಗಬೇಕು ನೋಡ್ರಿ ಎಂದಳು. ಕ್ಷಮೆ, ಪಶ್ಚಾತ್ತಾಪ ಇಂಥ ದೊಡ್ಡ ವಿಷಯಗಳು ಅವಳಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಪೈಪು.

ಅಂದು ಸಂಜೆಯೇ ಕಂಪನಿಗೆ ಮೇಲ್ ಬರೆದೆ. ನನ್ನ ಬದುಕಿನಲ್ಲಿ ಅಷ್ಟು ಸರಳವಾದ ಇಂಗ್ಲಿಷ್ ಬರೆದದ್ದಿಲ್ಲ. ನಾನು ಸುಳ್ಳು ಹೇಳಿದೆ, ಆ ಹೆಂಗಸು ನೀರು ಕೇಳಿದ್ದಳು, ಈಗ ಕಾಲು ಮುರಿದಿದೆ, ಡಿಸೆಂಬರಿನೊಳಗೆ ಪೈಪು ಹಾಕಿಸಿ. ವಾರದ ಮೇಲೆ ಉತ್ತರ ಬಂತು. ಅನನ್ಯಾ ಕೆಲಸ ಬಿಟ್ಟಿದ್ದಳು. ಬರೆದವರು ಬೇರೆ ಯಾರೋ. ಪಾಲುದಾರರ ಯೋಗಕ್ಷೇಮವೇ ನಮ್ಮ ಹೃದಯ ಎಂದು ಆರಂಭವಾಗಿತ್ತು. ನಮ್ಮ ದಾಖಲೆಯ ಪ್ರಕಾರ, ಕಾರ್ಮಿಕರ ಸ್ವಂತ ಮನೆಯಲ್ಲಿ, ಸ್ವತಂತ್ರ ಅನುವಾದಕರೊಬ್ಬರ ಮುಖಾಂತರ ನಡೆಸಿದ ಸಂದರ್ಶನದಲ್ಲಿ ನೀರಿನ ಬಗ್ಗೆ ಯಾವ ದೂರೂ ಇಲ್ಲ. ಪ್ರತಿ ಲಗತ್ತಿಸಿದೆ ಎಂದಿತ್ತು. ತೆರೆದು ನೋಡಿದರೆ ಅದೇ ಹಾಳೆ. ಕೆಳಗೆ ನನ್ನ ದುಂಡಗಿನ ಸಹಿ. ಹೊಸ ದೂರು ಇದ್ದರೆ ಈ ಸುಗ್ಗಿ ಮುಗಿದ ಮೇಲಿನ ಪರಿಶೀಲನೆಯಲ್ಲಿ ಗಮನಿಸಲಾಗುವುದು. ಕೊನೆಗೆ ಒಂದು ವಿನಂತಿ: ರುಕ್ಮವ್ವನ ಚಿತ್ರ ಗ್ರಾಹಕರಿಗೆ ಬಹಳ ಹಿಡಿಸಿದೆ, ಹೊಸ ಪೊಟ್ಟಣಕ್ಕೆ ಇನ್ನೊಂದು ಫೋಟೋ ಕಳಿಸಲು ಸಾಧ್ಯವೇ?

ಮತ್ತೆ ಎರಡು ಸಲ ಬರೆದೆ. ಅನುವಾದಕ ನಾನೇ, ಆ ಹಾಳೆ ತಪ್ಪು ಎಂದು ನಾನೇ ಹೇಳುತ್ತಿದ್ದೇನೆ ಎಂದೆ. ಅದೇ ಉತ್ತರ ಬಂತು. ದಸ್ತಗೀರ ತೋಟದ ಲೆಕ್ಕ ನೋಡುವ ರೈಟರಿಗೆ ಫೋನು ಮಾಡಿ ಕೇಳಿದ. ಕಂಪನಿಯವರು ಹೇಳಿದರೆ ಹಾಕಿಸುತ್ತೇವೆ ಎಂದರಂತೆ. ಕಂಪನಿಯವರು ಅಂಥ ತೊಂದರೆಯೇ ಇಲ್ಲ ಎನ್ನುತ್ತಾರೆ. ಇಲ್ಲ ಎಂದವನು ನಾನು. ಇಡೀ ಸಂಸಾರದಲ್ಲಿ ನನ್ನ ಒಂದು ಮಾತನ್ನು ಇಷ್ಟು ಗಟ್ಟಿಯಾಗಿ ನಂಬಿದವರು ಆ ಕಂಪನಿಯವರೊಬ್ಬರೇ.

ಡಿಸೆಂಬರಿನಲ್ಲಿ ಹೆಂಗಸರು ಹೊರಡುವ ದಿನ ಹೋಗದೆ ಇರಲು ಮನಸ್ಸಾಗಲಿಲ್ಲ. ಹೊತ್ತು ಏರುವ ಮೊದಲೇ ಕ್ರೂಸರ್ ಬಂದು ಕೇರಿಯ ಬಾಯಿಗೆ ನಿಂತಿತ್ತು. ದಸ್ತಗೀರ ಮೇಲೆ ಹತ್ತಿ ಹಾಸಿಗೆಯ ಗಂಟು, ಜೋಳದ ಚೀಲ, ರೊಟ್ಟಿಯ ಬುಟ್ಟಿ, ಕೊಡಗಳನ್ನು ಹಗ್ಗದಿಂದ ಬಿಗಿಯುತ್ತಿದ್ದ. ರುಕ್ಮವ್ವ ಗೋಡೆ ಹಿಡಿದು ಹೊರಗೆ ಬಂದು ನಿಂತಿದ್ದಳು. ಸವಿತಾ ಒಂದು ದೊಡ್ಡ ಪ್ಲಾಸ್ಟಿಕ್ ಕೊಡ ಮೇಲೆ ಕೊಟ್ಟು, ನನ್ನನ್ನು ಕಂಡು ಹತ್ತಿರ ಬಂದಳು.

‘ಸರ, ಪೈಪ ಹಾಕ್ಯಾರೇನ್ರಿ?’

ಅವಳ ಮುಖದಲ್ಲಿ ಆಸೆ ಇತ್ತು. ಮೂರು ಮೇಲ್ ಬರೆದಿದ್ದೇನೆ, ದೊಡ್ಡವರಿಗೆ ತಿಳಿಸಿದ್ದೇನೆ, ಆಗುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ನಾನು ರುಕ್ಮವ್ವನ ಕಡೆ ನೋಡಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

‘ಇಲ್ಲವ್ವ, ಹಾಕಿಲ್ಲ’ ಎಂದೆ. ‘ಈ ಸುಗ್ಗಿಗೆ ಹಾಕೂದಿಲ್ಲ.’

ಸವಿತಾ ದಸ್ತಗೀರನನ್ನು ಕೂಗಿ, ಕಟ್ಟಿದ ಹಗ್ಗ ಬಿಚ್ಚಿಸಿ, ದೊಡ್ಡ ಕೊಡವನ್ನು ಕೆಳಗೆ ಇಳಿಸಿಕೊಂಡಳು. ಒಳಗೆ ಹೋಗಿ ಹೊರಲು ಹಗುರಾದ ಒಂದು ಸಣ್ಣ ಕೊಡ ತಂದು ಅವನ ಕೈಗೆ ಕೊಟ್ಟಳು.